ಜೇಬಿನಲ್ಲಿದ್ದ ಫ್ಯೂಸು

ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿದಾಗ ಸುಕನ್ಯ ಚೆಂಡುಹೂವಿನ ಹಾರ ಹಿಡಿದು ಹನಗೋಡಿನ ಆ ಮನೆಯ ಅಂಗಳಕ್ಕೆ ಕಾಲಿಡುತ್ತಿದ್ದಳು. ಐವತ್ತೈದು ವರ್ಷದವಳು ಒಂದು ಗಳಿಗೆ ಆರು ವರ್ಷದವಳಾಗಿಬಿಟ್ಟಳು. ಅವಳ ಪಾಲಿಗೆ ಆ ವಾಸನೆಯೆಂದರೆ ಅಪ್ಪ. ಸಂಜೆ ಅಪ್ಪ ಪ್ರೆಸ್ಸಿನಿಂದ ಬಂದು ಹಿತ್ತಲ ಕಲ್ಲಿನ ಮೇಲೆ ಕೂತು ಕೈ ಚಾಚಿದರೆ, ಅವ್ವ ಹಳೇ ಸೀರೆಯ ಚೂರನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒಂದೊಂದೇ ಬೆರಳಿನ ಮಸಿ ಒರೆಸುತ್ತಿದ್ದಳು. ಮಸಿ ಹೋದರೂ ವಾಸನೆ ಹೋಗುತ್ತಿರಲಿಲ್ಲ. ಅದೇ ಕೈಯಿಂದ ಅಪ್ಪ ಅವಳಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದ.

ಅಂಗಳದಲ್ಲಿ ಕುಳ್ಳಯ್ಯನನ್ನು ಹಲಗೆಯ ಮೇಲೆ ಮಲಗಿಸಿ ಮೀಯಿಸುತ್ತಿದ್ದರು. ಮಗ ಮಾದೇಶ ಅಪ್ಪನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಉಗುರು ಸಂದಿಯ ಕರಿಯನ್ನು ಬಟ್ಟೆಯಿಂದ ತಿಕ್ಕುತ್ತಿದ್ದ. ಸೀಗೆಪುಡಿಗೆ ಅದು ಬಗ್ಗಿರಲಿಲ್ಲ. ಪಡಿತರದ ಸೀಮೆಎಣ್ಣೆ ನಿಂತು ಎಷ್ಟು ಕಾಲವಾಯಿತೋ, ಊರಲ್ಲೆಲ್ಲೂ ಒಂದು ಹನಿ ಸಿಕ್ಕಿರಲಿಲ್ಲ. ಕೊನೆಗೆ ಕುಳ್ಳಯ್ಯನದೇ ರಿಪೇರಿ ಚೀಲದಲ್ಲಿ ಒಂದು ಸಣ್ಣ ಬಾಟಲಿ ಸಿಕ್ಕಿತ್ತು.

"ಬುಡ್ಲಾ ಮಾದೇಸ, ಅದೇನು ಇವತ್ತಿನ ಕೊಳೆಯಾ?" ಎಂದ ನೀರು ಹೊಯ್ಯುತ್ತಿದ್ದ ನಂಜಯ್ಯ. ಹಂಪಾಪುರದಲ್ಲಿ ಹಿಟ್ಟಿನ ಗಿರಣಿ ಇಟ್ಟವನು, ಕುಳ್ಳಯ್ಯನ ಹಳೇ ಸ್ನೇಹಿತ. "ಮದ್ವೆ ದಿನ ಧಾರೆ ಎರೆಯುವಾಗ್ಲೂ ಅವನ ಉಗುರು ಇಂಗೇ ಇತ್ತು. ಐನೋರು ನೋಡಿ ಬೆಚ್ಚಿಬಿದ್ದಿದ್ರು."

"ಓಗ್ಲಿ ಬುಡಿ ಮಾವ. ಇವತ್ತೊಂದಿನ ಕೈ ಕಿಲೀನಾಗಿರ್ಲಿ," ಎಂದು ಮಾದೇಶ ತಿಕ್ಕುವುದನ್ನು ಬಿಡಲಿಲ್ಲ.

ಹುಣಸೂರಿನಲ್ಲಿ ಸುಕನ್ಯಳ ಬಾಗಿಲಿಗೆ ದಿನಾ ಬೆಳಿಗ್ಗೆ ಎಂಟಕ್ಕೆ ಬರುತ್ತಿದ್ದ ಕುಳ್ಳಯ್ಯ ಇವತ್ತು ಬಂದಿರಲಿಲ್ಲ. ಒಂಬತ್ತಕ್ಕೆ ಅವನ ಮನೆಯಿಂದ ಫೋನ್ ಬಂತು. ನಿನ್ನೆ ಸಂಜೆ ಮನೆಗೆ ಬಂದು, ಕಾಲು ತೊಳೆದು, ಜಗಲಿಯ ಮೇಲೆ ಕೂತು ನೀರು ಕೇಳಿದನಂತೆ. ನೀರು ತರುವಷ್ಟರಲ್ಲಿ ಗೋಡೆಗೆ ಒರಗಿದ್ದನಂತೆ.

ಅವಳು ಹಾರವನ್ನು ಹಲಗೆಯ ಪಕ್ಕದಲ್ಲಿಟ್ಟು, ಹೆಂಗಸರು ಕೂತಿದ್ದ ಕಡೆ ಹೋಗಿ ಕಂಬದ ಮರೆಯಲ್ಲಿ ಕುಳಿತಳು. ನಡುಮನೆಯ ಬಾಗಿಲಲ್ಲಿ ಕುಳ್ಳಯ್ಯನ ಹೆಂಡತಿ ಸಿದ್ದಲಿಂಗಮ್ಮ ಮೊಣಕಾಲಿಗೆ ಗಲ್ಲ ಆನಿಸಿ ಸುಮ್ಮನೆ ಕೂತಿದ್ದಳು. ಅವಳನ್ನು ಸುಕನ್ಯ ನೋಡಿದ್ದು ಇದಕ್ಕೆ ಮುಂಚೆ ಎರಡೇ ಸಲ. ಒಮ್ಮೆ ಆಸ್ಪತ್ರೆಯಲ್ಲಿ, ಒಮ್ಮೆ ಮಾದೇಶನ ಮದುವೆಯಲ್ಲಿ.

ಅಷ್ಟರಲ್ಲಿ ಬೈಕಿನಿಂದ ಇಳಿದು ಒಬ್ಬ ಒಳಗೆ ಬಂದ. ಕೆ.ಆರ್. ನಗರದಲ್ಲಿ ಪ್ರೆಸ್ಸು ನಡೆಸುವ ದೇವರಾಜು. ಕೈಮುಗಿದು ನಿಂತ. ಹೋಗಲೂ ಇಲ್ಲ, ಕೂರಲೂ ಇಲ್ಲ.

"ಏನ್ ಸ್ವಾಮಿ?" ಎಂದ ನಂಜಯ್ಯ.

"ಏನೂ ತಿಳ್ಕೋಬೇಡಿ. ಇಂಥ ಹೊತ್ತಲ್ಲಿ ಕೇಳಬಾರ್ದು," ಎಂದು ದೇವರಾಜು ದನಿ ತಗ್ಗಿಸಿದ. "ನಿನ್ನೆ ನಮ್ಮ ಮಷಿನ್ನಿನ ಬೇರಿಂಗ್ ಬಿಚ್ಚಿಟ್ಟು, ನಾಳೆ ಬತ್ತೀನಿ ಅಂತ ಬಂದ್ರು. ಬೋರ್ಡಲ್ಲಿ ಫ್ಯೂಸು ಇಲ್ಲ. ಅವ್ರ ಜೇಬಲ್ಲಿರ್ಬೌದು."

ಸತ್ತ ಮನೆಯೆಂಬುದನ್ನೂ ಮರೆತು ನಂಜಯ್ಯನ ಮುಖದಲ್ಲಿ ನಗು ಹಾದುಹೋಯಿತು. "ಇರ್ಬೌದು ಅಂತೀರಲ್ಲ. ಇದ್ದೇ ಇರ್ತದೆ. ನೋಡ್ಲಾ ಮಾದೇಸ."

ಮಾದೇಶ ಎದ್ದು ಮೊಳೆಗೆ ನೇತುಹಾಕಿದ್ದ ಅಪ್ಪನ ಅಂಗಿಯ ಜೇಬಿಗೆ ಕೈ ಹಾಕಿದ. ಬಿಳೀ ಪಿಂಗಾಣಿಯ ಫ್ಯೂಸು ಕೈಗೆ ಬಂತು. ಅದರ ಮೇಲೆ ಎಣ್ಣೆಯ ಬೆರಳಚ್ಚು ಇನ್ನೂ ಹಸಿಯಾಗಿಯೇ ಇತ್ತು. ಅವನು ಅದನ್ನು ಒರೆಸದೆ ದೇವರಾಜುವಿನ ಅಂಗೈಯಲ್ಲಿಟ್ಟ.

"ನಮ್ ಗಿರಣೀಲೂ ಇದೇ ಕತೆ," ಎಂದ ನಂಜಯ್ಯ. "ಕೆಲ್ಸ ಮುಗಿಯೋಗಂಟ ಫ್ಯೂಸು ಅವನ ಜೇಬಲ್ಲೇ. ಒಂದ್ಸಲ ಅದ್ನ ಇಟ್ಕೊಂಡೇ ಸರಗೂರಿಗೆ ಓಗ್ಬುಟ್ಟಿದ್ದ. ಎರಡು ದಿನ ನಮ್ಮೂರೋರು ಹಿಟ್ಟಿಲ್ದೆ ಅನ್ನ ಉಂಡು ನನ್ನ ಬೈದ್ರು. ಕೆಲ್ಸ ಆದ್ಮೇಲೂ ಅಂಗೇ. ಮೋಟರು ಯಾವ ಕಡೆ ತಿರುಗ್ಬೇಕು ಅಂತ ಕೆಂಪು ಬಣ್ಣದಲ್ಲಿ ಬಾಣ ಬರೀದೆ ಕಾಫಿ ಮುಟ್ತಿರ್ಲಿಲ್ಲ."

"ನಮ್ಮಲ್ಲೂ ಬರ್ದವ್ರೆ," ಎಂದ ದೇವರಾಜು. "ಯಾಕೆ ಅಂತ ನಾನು ಕೇಳಿರ್ಲಿಲ್ಲ."

"ನಾನು ಕೇಳಿದ್ದೆ. ವಯಸ್ನಲ್ಲಿ ಒಂದು ತಪ್ಪು ಮಾಡ್ಬುಟ್ಟಿದ್ದನಂತೆ. ಉಣಸೂರಿನ ಯಾವುದೋ ಪ್ರೆಸ್ಸಲ್ಲಿ ಮೋಟರು ಉಲ್ಟಾ ತಿರುಗಿ ಒಂದು ಎಣ್ಣುಮಗಳ ಬೆರಳು ಓಯ್ತಂತೆ. 'ನನ್ನಿಂದ ಆದದ್ದು ಕಣ್ಲಾ' ಅಂತ ಓದ್ ಕಡೆಯೆಲ್ಲಾ ಅವನೇ ಯೋಳ್ತಿದ್ದ. ಯಾರೂ ಕೇಳ್ದಿದ್ರೂ ಯೋಳ್ತಿದ್ದ."

ಸುಕನ್ಯ ಬಲಗೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ಆ ಕೈಯಲ್ಲಿ ಉಳಿದಿದ್ದದ್ದು ಹೆಬ್ಬೆರಳು, ಕಿರುಬೆರಳು ಎರಡೇ.

ನಾಲ್ಕು ತಾಲ್ಲೂಕು ಸುತ್ತಿ ಅವನು ಆ ಮಾತು ಹೇಳಿಕೊಂಡು ಬಂದಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ. ಅದು ಸುಳ್ಳೆಂದು ಮಾತ್ರ ಗೊತ್ತಿತ್ತು. ಅವಳ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡು ಅವನು ಮಣ್ಣಿಗೆ ಹೋಗಬಾರದು. ಎತ್ತುವುದಕ್ಕೆ ಮುಂಚೆ ಸಿದ್ದಲಿಂಗಮ್ಮನಿಗಾದರೂ ಹೇಳಿಬಿಡಬೇಕು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅವಳು ಜೋಡಿಸಿಕೊಂಡು ಬಂದಿದ್ದದ್ದು ಅದೊಂದೇ ಮಾತು.

*

ಮೂವತ್ತಮೂರು ವರ್ಷದ ಹಿಂದಿನ ಆಷಾಢ. ಅಪ್ಪ ತೀರಿಕೊಂಡ ಮೇಲೆ ಪ್ರೆಸ್ಸಿನ ಕೆಲಸ ಅವಳಿಗೇ ಬಂದಿತ್ತು. ಟ್ರೆಡಲ್ ಮಷಿನ್ನು ಬಾಯಿ ತೆರೆದಾಗ ಎಡಗೈ ಅಚ್ಚಾದ ಹಾಳೆ ತೆಗೆಯಬೇಕು, ಬಲಗೈ ಹೊಸ ಹಾಳೆ ಇಡಬೇಕು, ಬಾಯಿ ಮುಚ್ಚುವಷ್ಟರಲ್ಲಿ ಎರಡೂ ಹೊರಗೆ ಬಂದಿರಬೇಕು. ಅದು ಕಣ್ಣಿನ ಕೆಲಸವಲ್ಲ. ಬೀಸುವವಳ ಕೈಗೆ ಕಲ್ಲಿನ ಸುತ್ತು ತಿಳಿದಿರುವ ಹಾಗೆ, ಆ ಲಯ ಅವಳ ಕೈಗೆ ತಿಳಿದಿತ್ತು. ಪಕ್ಕದವರ ಜೊತೆ ಮಾತಾಡುತ್ತಲೇ ಸಾವಿರ ಕಾರ್ಡು ಹಾಕುತ್ತಿದ್ದಳು.

ಮಷಿನ್ನು, ಮೋಟರು ಎಲ್ಲ ಕುಳ್ಳಯ್ಯನ ಸುಪರ್ದಿಯಲ್ಲಿದ್ದವು. ಅವನು ಓದಿದ್ದು ನಾಲ್ಕನೇ ಕ್ಲಾಸು. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಮಷಿನ್ನಿನ ಒಡಲು ಕೇಳುತ್ತಿದ್ದ. ಮೂರು ಫೇಸಿನ ಮೋಟರು ಹೇಗೆ ತಿರುಗುತ್ತದೆಂದು ಅವಳು ಒಮ್ಮೆ ಕೇಳಿದಾಗ ಹೇಳಿದ್ದ: "ಮೂರು ಜನ ಒಬ್ಬರಾದ್ಮೇಲೊಬ್ರು ತಳ್ಳೋ ಬೀಸುಕಲ್ಲು ಅಂದ್ಕೋ. ಅದ್ರಲ್ಲಿ ಇಬ್ರು ಜಾಗ ಬದಲಾಯಿಸ್ಬುಟ್ರೆ ಕಲ್ಲು ಎದುರು ದಿಕ್ಕಿಗೆ ಓಯ್ತದೆ. ತಂತಿನೂ ಅಂಗೇ ಕಣವ್ವ. ಮೂರ್ರಲ್ಲಿ ಯಾವ ಎರಡು ಅದಲುಬದಲಾದ್ರೂ ಮೋಟರು ಉಲ್ಟಾ."

ಆ ವಾರ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಮೂರು ದಿನ ಕರೆಂಟಿರಲಿಲ್ಲ. ಹೊಸದನ್ನು ಕೂರಿಸುತ್ತಿದ್ದರು. ಊಟಕ್ಕೆ ಹೊರಟ ಕುಳ್ಳಯ್ಯ ಮೋಟರಿನ ಬೆಲ್ಟು ಬಿಚ್ಚಿ ಮೊಳೆಗೆ ನೇತುಹಾಕಿದ. "ಕರೆಂಟು ಬಂದ್ರೂ ಮುಟ್ಬೇಡ. ಅಲ್ಲಿ ಯಾವ ತಂತಿಗೆ ಯಾವುದು ಸೇರ್ಸವ್ರೋ. ನಾನು ಬಂದು ಬರೀ ಮೋಟರು ತಿರುಗ್ಸಿ ದಿಕ್ಕು ನೋಡ್ತೀನಿ. ಆಮೇಲೆ ಬೆಲ್ಟು."

ಪ್ರೆಸ್ಸಿನ ಮೆಟ್ಟಿಲ ಮೇಲೆ ಪಿರಿಯಾಪಟ್ಟಣದ ಕಡೆಯ ಒಬ್ಬ ಮುದುಕ ಮೂರು ದಿನದಿಂದ ಬಂದು ಕೂರುತ್ತಿದ್ದ. ಹೆಂಡತಿಯ ತಿಥಿಗೆ ಕಾರ್ಡು. ನಾಳಿದ್ದೇ ತಿಥಿ. ಅವನು ಏನನ್ನೂ ಕೇಳುತ್ತಿರಲಿಲ್ಲ. ಯಾರಾದರೂ ನೋಡಿದರೆ ಎದ್ದು ನಿಲ್ಲುತ್ತಿದ್ದ, ಅಷ್ಟೇ. ಎರಡೂಕಾಲಿಗೆ ಬಲ್ಬು ಹೊತ್ತಿಕೊಂಡಿತು. ಮೂರು ಗಂಟೆಗೆ ಅವನೂರಿನ ಬಸ್ಸು. ನೂರು ಕಾರ್ಡಿಗೆ ಹತ್ತು ನಿಮಿಷ ಸಾಕು. ಸುಕನ್ಯ ಮೊಳೆಯಿಂದ ಬೆಲ್ಟು ತೆಗೆದು ಗಾಲಿಗೆ ಏರಿಸಿ ಹಸಿರು ಗುಂಡಿ ಒತ್ತಿದಳು.

ಉಲ್ಟಾ ತಿರುಗಿದರೆ ಆ ಮಷಿನ್ನು ನಿಲ್ಲುವುದಿಲ್ಲ, ಅಚ್ಚೂ ಹಾಕುತ್ತದೆ. ಬಾಯಿ ತೆರೆದು ನಿಲ್ಲುವ ಹೊತ್ತು ಮಾತ್ರ ಒಂದು ಉಸಿರಿನಷ್ಟು ಕಮ್ಮಿಯಾಗುತ್ತದೆ. ಮೊದಲನೇ ಕಾರ್ಡು ಬಂತು. ಕಪ್ಪು ಅಂಚಿನ ಆ ಕಾರ್ಡನ್ನು ಎಡಗೈಯಲ್ಲಿ ಎತ್ತಿ ಹಿಡಿದು, "ಅಜ್ಜ, ನೋಡಿ, ಆಗೋಯ್ತು," ಎಂದು ಅವಳು ಮೆಟ್ಟಿಲ ಕಡೆ ತಿರುಗಿ ನಕ್ಕಳು. ಬಲಗೈ ತನಗೆ ತಿಳಿದ ಲಯದಲ್ಲೇ ಎರಡನೇ ಹಾಳೆಯನ್ನು ಇಡಲು ಹೋಯಿತು.

ಅವಳ ಕೂಗು ಕೇಳಿ ಎಲ್ಲರಿಗಿಂತ ಮೊದಲು ಓಡಿಬಂದವನು ಕುಳ್ಳಯ್ಯ. ಕೆಂಪು ಗುಂಡಿ ಒತ್ತಿದರೂ ತಿರುಗುತ್ತಲೇ ಇದ್ದ ದೊಡ್ಡ ಗಾಲಿಯನ್ನು ಅವನು ಎರಡೂ ಕೈಯಲ್ಲಿ ತಬ್ಬಿ ನಿಲ್ಲಿಸಿದ. ಅಂಗೈ ಸುಲಿದುಹೋಯಿತು. ಪ್ರೆಸ್ಸಿನ ಯಜಮಾನರು ಬಂದು "ಯಾರದು ತಪ್ಪು?" ಎಂದಾಗ, ಅವಳು ನೆಲದ ಮೇಲೆ ಮಲಗಿದ್ದವಳು, ಅವನ ದನಿ ಕೇಳಿಸಿಕೊಂಡಳು. "ನಂದೇ. ದಿಕ್ಕು ನೋಡ್ದೆ ಓದೆ."

ಅವತ್ತೇ ಅವನ ಕೆಲಸ ಹೋಯಿತು. ತಪ್ಪು ಮೆಕ್ಯಾನಿಕ್ಕನದಾದ್ದರಿಂದ ಯಜಮಾನರು ಆಸ್ಪತ್ರೆಯ ಖರ್ಚು ನೋಡಿಕೊಂಡರು. ಅವಳ ಕೈ ವಾಸಿಯಾದ ಮೇಲೆ ಕರಡು ತಿದ್ದುವ ಕೆಲಸವನ್ನೂ ಕೊಟ್ಟರು. ಗಾಬರಿಯಲ್ಲಿ, ತಾನೇ ಬೆಲ್ಟು ಬಿಚ್ಚದೆ ಹೋದೆನೆಂದು ಕುಳ್ಳಯ್ಯ ನಂಬಿಬಿಟ್ಟಿದ್ದಾನೆ ಎಂದು ಸುಕನ್ಯ ಅಂದುಕೊಂಡಳು. ಹಾಗೆ ಅಂದುಕೊಳ್ಳುವುದು ಅವಳಿಗೆ ಬೇಕಾಗಿತ್ತು. ಕೈ ವಾಸಿಯಾಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು.

ಆಸ್ಪತ್ರೆಯಿಂದ ಮನೆಗೆ ಬಂದ ಮೂರನೇ ದಿನ ಅವನು ಬಾಗಿಲಿಗೆ ಬಂದ. ಕೈಯಲ್ಲಿ ಎರಡು ಡಬ್ಬಿಯ ಕ್ಯಾರಿಯರು. "ಮುದ್ದೆ ಕಟ್ಟಕ್ಕೆ ಆಗಕ್ಕಿಲ್ಲ ನಿಂಗೆ. ನಿಮ್ಮವ್ವಂಗೂ ಕೈ ನಡುಕ. ನಮ್ಮನೇಲಿ ಎಂಗೂ ಕಟ್ತಾರೆ," ಎಂದು ಹಿಡಿಯನ್ನು ಅವಳ ಎಡಗೈ ಕಡೆಗೆ ತಿರುಗಿಸಿ ಕೊಟ್ಟ. ಊರೂರು ತಿರುಗುವ ಮೆಕ್ಯಾನಿಕ್ಕಾದ ಮೇಲೂ ಬೆಳಿಗ್ಗೆ ಕೊಟ್ಟು ಹೋಗುವುದು, ಸಂಜೆ ಖಾಲಿ ಕ್ಯಾರಿಯರು ಒಯ್ಯುವುದು ನಡೆದೇ ಇತ್ತು. ಖಾಲಿ ಪಾತ್ರೆ ಹಿಂದಿರುಗಿಸಬಾರದೆಂದು ಅವಳು ಒಂದು ಚೂರು ಬೆಲ್ಲವನ್ನೋ, ನಾಲ್ಕು ಕರಿಬೇವಿನ ಎಲೆಯನ್ನೋ ಇಟ್ಟು ಕೊಡುತ್ತಿದ್ದಳು. ಅವಳನ್ನು ನೋಡಲು ಬಂದಿದ್ದ ಗಂಡು ಮತ್ತೆ ಬರಲಿಲ್ಲ. ಅವ್ವ ತೀರಿಕೊಂಡಳು. ಪ್ರೆಸ್ಸು ಮುಚ್ಚಿ ಕಂಪ್ಯೂಟರ್ ಅಂಗಡಿಯಾಯಿತು. ಕ್ಯಾರಿಯರು ಮಾತ್ರ ಬರುತ್ತಲೇ ಇತ್ತು.

ನಿಜ ಹೇಳಿದರೆ ಅದು ನಿಲ್ಲುತ್ತದೆ. ದಿನಕ್ಕೆರಡು ಸಲ ಅವಳ ಬಾಗಿಲಲ್ಲಿ ಒಬ್ಬರು ಬಂದು ನಿಂತು "ಉಂಡ್ಯಾ?" ಎನ್ನುವುದು ನಿಲ್ಲುತ್ತದೆ. ಅದಕ್ಕೇ ಹೇಳಲಿಲ್ಲ. ಹೀಗೆ ಹೇಳದೇ ಮೂವತ್ತಮೂರು ವರ್ಷ ಕಳೆದುಹೋಯಿತು.

*

"ಇವ್ಳೇ ಕಣಕ್ಕ ಅವ್ಳು," ಎಂದು ಪಕ್ಕದಲ್ಲಿ ಯಾರೋ ಪಿಸುಗುಟ್ಟಿದರು. ಪಕ್ಕದ ಮನೆಯ ಪುಟ್ಟತಾಯಮ್ಮ. "ದಿನಾ ಊಟ ಓಯ್ತಿತ್ತಲ್ಲ, ಉಣಸೂರಿಗೆ."

"ಎಷ್ಟು ವರ್ಸ ಓಯ್ತು ಅಂತೀಯ. ಸಿದ್ಲಿಂಗವ್ವ ಅದೆಂಗೆ ತಡ್ಕಂಡ್ಳೋ," ಎಂದಳು ಇನ್ನೊಬ್ಬಳು.

ಸುಕನ್ಯ ಎದ್ದಳು. ಬೆನ್ನಿಗೆ ನೋಟಗಳು ಅಂಟಿದ್ದು ತಿಳಿಯುತ್ತಿತ್ತು. ನಡುಮನೆಯ ಬಾಗಿಲಿಗೆ ಹೋಗಿ ಸಿದ್ದಲಿಂಗಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅಕ್ಕ, ಒಂದು ಮಾತಿತ್ತು."

ಸಿದ್ದಲಿಂಗಮ್ಮ ಕಣ್ಣೆತ್ತಿದಳು.

"ಅವತ್ತು ಪ್ರೆಸ್ಸಲ್ಲಿ..."

"ಎತ್ರಪ್ಪಾ, ಬಿಸ್ಲೇರ್ತಾ ಅದೆ," ಎಂದು ಅಂಗಳದಿಂದ ನಂಜಯ್ಯ ಕೂಗಿದ. ತಮಟೆ ಶುರುವಾಯಿತು. ಹೆಂಗಸರ ಅಳು ಒಂದೇ ಸಲಕ್ಕೆ ಎದ್ದಿತು. ಸಿದ್ದಲಿಂಗಮ್ಮನನ್ನು ನಾಲ್ಕು ಜನ ಹಿಡಿದು ಹೊರಗೆ ಕರೆದೊಯ್ದರು. ಸುಕನ್ಯಳ ಮಾತು ಬಾಗಿಲಲ್ಲೇ ಉಳಿಯಿತು.

ಹೊಲ ದೂರವಿರಲಿಲ್ಲ. ಲಕ್ಷ್ಮಣತೀರ್ಥದ ಕಡೆಗೆ ಇಳಿಯುವ ಬದುವಿನಲ್ಲಿ, ಹೊಂಗೆಮರದ ಪಕ್ಕ ಗುಂಡಿ ತೆಗೆದಿದ್ದರು. ಇಳಿಸಿದರು. ತಿಕ್ಕಿ ತೊಳೆದಿದ್ದ ಕೈಗಳು ಎದೆಯ ಮೇಲಿದ್ದವು. ಅಷ್ಟು ತಿಕ್ಕಿದರೂ ಹೆಬ್ಬೆರಳಿನ ಉಗುರಲ್ಲಿ ಒಂದು ಗೆರೆ ಕಪ್ಪು ಉಳಿದಿತ್ತು. ಅದನ್ನು ಕಂಡು ಸುಕನ್ಯಳಿಗೆ ಯಾಕೋ ಸಮಾಧಾನವಾಯಿತು, ಹಾಗೆಯೇ ಅಳುವೂ ಬಂತು.

ಒಬ್ಬೊಬ್ಬರಾಗಿ ಮೂರು ಹಿಡಿ ಮಣ್ಣು ಹಾಕಿದರು. ಅವಳ ಸರದಿ ಬಂದಾಗ ಎಡಗೈ ಮುಂದಾಯಿತು. "ಬಲಗೈ ಕಣವ್ವ, ಬಲಗೈ," ಎಂದರು ಯಾರೋ. ಅವಳು ಸೆರಗಿನಿಂದ ಬಲಗೈ ತೆಗೆದು ಮಣ್ಣಿಗೆ ಚಾಚಿದಳು. ಎರಡು ಬೆರಳಿನಲ್ಲಿ ಮಣ್ಣು ನಿಲ್ಲಲಿಲ್ಲ. ಎತ್ತಿದಷ್ಟೂ ಸೋರಿ ಅವಳ ಕಾಲ ಮೇಲೇ ಬಿತ್ತು. ಎರಡನೇ ಸಲ ಬಗ್ಗಿದಳು. ಆಗ ಕೆಳಗಿನಿಂದ ಇನ್ನೊಂದು ಅಂಗೈ ಬಂದು ಅವಳ ಅಂಗೈಯನ್ನು ಬೊಗಸೆಯಂತೆ ಹೊತ್ತುಕೊಂಡಿತು. ಮಾದೇಶ. ಇಬ್ಬರ ಕೈಯೂ ಸೇರಿ ಮೂರು ಸಲ ಮಣ್ಣು ಹಾಕಿತು.

ಅವನು ಆ ಕೈಯನ್ನು ನೋಡಿದ, ಮುಖವನ್ನು ನೋಡಿದ. "ಬೆರಳು ಓಗಿದ್ದು ನಿಮ್ದಾ ಅಕ್ಕ?" ಎಂದು ಮೆಲ್ಲಗೆ ಕೇಳಿದ. "ಕೈಯಾಗದ ಯಾರೋ ಹಳೇ ಪ್ರೆಸ್ಸಿನೋರು, ಅವ್ರಿಗೆ ಊಟ ಕೊಡ್ಬೇಕು ಅಂತಷ್ಟೇ ಯೋಳಿದ್ರು ಅಪ್ಪ."

ಅವಳು ತಲೆಯಾಡಿಸಿದಳು. ಅವನು ಅವಳ ಅಂಗೈಗೆ ಅಂಟಿದ್ದ ಮಣ್ಣನ್ನು ತನ್ನ ಟವಲಿನಿಂದ ಒರೆಸಿ, ಮುಂದಿನವರಿಗೆ ಜಾಗ ಬಿಟ್ಟ.

*

ಎಲ್ಲರೂ ಮಿಂದು ಬಂದು ದೀಪ ನೋಡಿದ್ದಾಯಿತು. ಆ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಪುಟ್ಟತಾಯಮ್ಮನ ಮನೆಯಿಂದ ಒಂದು ಕುಕ್ಕೆ ಮುದ್ದೆ, ಒಂದು ಬೋಸಿ ಹುರುಳಿಕಾಳಿನ ಸಾರು ಬಂತು. ಗಂಡಸರು ಜಗಲಿಯಲ್ಲಿ ಸಾಲಾಗಿ ಕೂತರು.

"ತಿಥಿ ಕಾರ್ಡು ನಮ್ಮಲ್ಲೇ ಆಗ್ಲಿ, ದುಡ್ಡಿನ ಮಾತು ಬೇಡ," ಎಂದ ದೇವರಾಜು ಮಾದೇಶನಿಗೆ. ಆಮೇಲೆ ಏನೋ ನೆನಪಾಗಿ ತುತ್ತು ಹಿಡಿದ ಕೈ ನಿಲ್ಲಿಸಿದ. "ಮಷಿನ್ನು ಬಿಚ್ಚೇ ಅದೆ. ಜೋಡಿಸೋಕೆ ಯಾರನ್ನ ಕರೀಲಿ?"



ಸಿದ್ದಲಿಂಗಮ್ಮ ಅಡುಗೆಮನೆಯ ಮೂಲೆಯಲ್ಲಿ, ಆರಿದ ಒಲೆಯ ಮುಂದೆ ಒಬ್ಬಳೇ ಕೂತಿದ್ದಳು. ಸುಕನ್ಯ ಹೊಸ್ತಿಲು ದಾಟಿ ಹೋಗಿ ಎದುರು ಕೂತಳು. ಜೋಡಿಸಿಕೊಂಡಿದ್ದ ಮಾತೆಲ್ಲ ಚದುರಿಹೋಗಿತ್ತು.

"ಅಕ್ಕ, ಅವತ್ತು ಬೆಲ್ಟು ಹಾಕಿದ್ದು ನಾನು. ಕುಳ್ಳಯ್ಯಣ್ಣ ಬಿಚ್ಚಿಟ್ಟೇ ಹೋಗಿದ್ರು. ಮುಟ್ಬೇಡ ಅಂದಿದ್ರು. ನಾನೇ..."

"ಗೊತ್ತು ಕಣವ್ವ," ಎಂದಳು ಸಿದ್ದಲಿಂಗಮ್ಮ.

ಹೊರಗೆ ಎಲೆಯ ಮೇಲೆ ಸಾರು ಬಡಿಸುವ ಸೌಟಿನ ಸದ್ದಾಗುತ್ತಿತ್ತು.

"ಬೆಲ್ಟು ಬಿಚ್ಚಿ ಮೊಳೆಗೆ ಆಕಿದ್ದೋರು ಅವ್ರೇ ಅಲ್ವಾ. ಬಂದು ನೋಡುದ್ರೆ ಗಾಲಿ ಮ್ಯಾಲೆ ಅದೆ. ಅಷ್ಟೂ ತಿಳೀದಾ? ಅವತ್ತು ಕೈಗೆ ಬಟ್ಟೆ ಸುತ್ಕೊಂಡು ಬಂದು, ನಂಗೊಬ್ಳಿಗೇ ಯೋಳುದ್ರು. ಕೆಲ್ಸದೋಳ ತಪ್ಪು ಅಂದ್ರೆ ಸಾವ್ಕಾರ್ರು ಆಸ್ಪತ್ರೆಗೆ ಕಾಸು ಬಿಚ್ಚಾಕಿಲ್ಲ, ನಂದು ಅಂದ್ಬುಟ್ಟೆ ಕಣೆ ಅಂದ್ರು."

ಸುಕನ್ಯ ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ನೀನು ಒಂದಿನ ಯೋಳ್ತೀಯ ಅಂತ ಕಾದ್ರು. ಒಂದೆರಡು ವರ್ಸ ಸಂಜೆ ಬಂದ ತಕ್ಷಣ ನಾನೇ ಕೇಳ್ತಿದ್ದೆ, ಇವತ್ತು ಯೋಳುದ್ಲಾ ಅಂತ. ಇಲ್ಲ ಅನ್ನೋರು. ಆಮೇಲೆ ಒಂದಿನ, ಇನ್ಮ್ಯಾಲೆ ಅದ್ನ ಕೇಳ್ಬೇಡ, ಉಂಡ್ಲಾ ಅಂತ ಕೇಳು ಅಂದ್ರು."

"ಹೇಳೋಕೆ ಆಗ್ಲಿಲ್ಲ ಅಕ್ಕ. ಬರೋದು ನಿಲ್ಲಿಸ್ಬಿಡ್ತಾರೆ ಅಂತ..."

"ನಿಲ್ಲುಸ್ತಿರ್ಲಿಲ್ಲ." ಸಿದ್ದಲಿಂಗಮ್ಮ ಒಲೆಯ ಬೂದಿಯನ್ನು ಬೆರಳಲ್ಲಿ ಗೀಚಿದಳು. "ತಪ್ಪು ನಂದೂ ಅದೆ ಅಂತಿದ್ರು. ಬೆಲ್ಟು ಬಿಚ್ಚಿದ್ರೆ ಯಾರು ಬೇಕಾದ್ರೂ ಆಕ್ಬೌದು. ಫ್ಯೂಸು ಕಿತ್ತು ಜೇಬಲ್ಲಿಟ್ಕೊಂಡು ಊಟಕ್ಕೆ ಓಗ್ಬೇಕಿತ್ತು. ಅದೊಂದು ಮರ್ತೆ ಅಂತ. ನೆನ್ನೆಗಂಟ ಅದೇ ಮಾತು."

ಸುಕನ್ಯ ಆ ಎರಡು ಬೆರಳಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ಮೂವತ್ತಮೂರು ವರ್ಷ ದಿನಕ್ಕೆರಡು ಸಲ ಅವನು ಬಾಗಿಲಲ್ಲಿ ನಿಂತದ್ದು, ಕ್ಯಾರಿಯರು ಕೊಟ್ಟ ಮೇಲೂ ಒಂದು ಗಳಿಗೆ ಹಾಗೇ ನಿಲ್ಲುತ್ತಿದ್ದದ್ದು, ಏನನ್ನೋ ಕೇಳಿಸಿಕೊಳ್ಳುವವನ ಹಾಗೆ ತಲೆ ಓರೆ ಮಾಡಿ, ಆಮೇಲೆ "ಸರಿ, ಬತ್ತೀನಿ" ಎಂದು ಹೊರಡುತ್ತಿದ್ದದ್ದು, ಎಲ್ಲ ಕಣ್ಣಿಗೆ ಕಟ್ಟಿತು. ಅವಳು ಬಗ್ಗಿ, ನೆಲಕ್ಕೆ ಹಣೆ ತಾಗುವಷ್ಟು ಬಗ್ಗಿ, ದನಿಯಿಲ್ಲದೆ ಅತ್ತಳು. ಸಿದ್ದಲಿಂಗಮ್ಮ ಅವಳ ಬೆನ್ನ ಮೇಲೆ ಒಂದು ಕೈ ಇಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಅವಳಿಗೂ ಅಷ್ಟು ಹೊತ್ತಿನಿಂದ ಬಾರದಿದ್ದ ಅಳು ಆಗ ಬಂತು.

ಐದು ಗಂಟೆಯ ಬಸ್ಸಿಗೆ ಹೊತ್ತಾಗಿತ್ತು. ಸತ್ತ ಮನೆಯಿಂದ ಹೋಗುವವರು ಹೋಗಿ ಬರುತ್ತೇನೆ ಎನ್ನುವ ಹಾಗಿಲ್ಲ. ಸುಕನ್ಯ ಮುಖ ಒರೆಸಿಕೊಂಡು ಸುಮ್ಮನೆ ಎದ್ದು ಅಂಗಳಕ್ಕೆ ಇಳಿದಳು.

ಅಡುಗೆಮನೆಯಲ್ಲಿ ಡಬ್ಬಿಯ ಸದ್ದಾಯಿತು. ಸಿದ್ದಲಿಂಗಮ್ಮ ಗೂಡಿನಿಂದ ಕ್ಯಾರಿಯರು ಇಳಿಸಿದ್ದಳು. ನಿನ್ನೆ ಸಂಜೆ ಕುಳ್ಳಯ್ಯ ತಂದಿಟ್ಟದ್ದನ್ನು ಯಾರೂ ತೆರೆದಿರಲಿಲ್ಲ. ಮುಚ್ಚಳ ತೆಗೆದರೆ ತಳದಲ್ಲಿ ಒಂದು ಚೂರು ಬೆಲ್ಲ. ಅದನ್ನು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಕುಕ್ಕೆಯಿಂದ ಒಂದು ಮುದ್ದೆ ಎತ್ತಿ, ಅಂಗೈಯಲ್ಲಿ ಇನ್ನೊಮ್ಮೆ ಉರುಳಿಸಿ ನುಣ್ಣಗೆ ಮಾಡಿ ಡಬ್ಬಿಗಿಟ್ಟಳು.

"ಅಕ್ಕ, ಸೂತಕದ ಮನೆಯಿಂದ ಊಟ ಕಟ್ಟಿ ಕೊಡ್ಬಾರ್ದು," ಎಂದಳು ಪುಟ್ಟತಾಯಮ್ಮ.

ಸಿದ್ದಲಿಂಗಮ್ಮ ಕೇಳಿಸಿಕೊಂಡಂತೆ ಕಾಣಲಿಲ್ಲ. ಮೇಲಿನ ಡಬ್ಬಿಗೆ ಸಾರು ಹೊಯ್ದು, ಚಿಲಕ ಒತ್ತಿ, ಅಂಗಳ ದಾಟಿ ಬಂದಳು. ಸುಕನ್ಯಳ ಮುಂದೆ ನಿಂತು, ಕ್ಯಾರಿಯರಿನ ಹಿಡಿಯನ್ನು ಅವಳ ಎಡಗೈ ಕಡೆಗೆ ತಿರುಗಿಸಿ ನೀಡಿದಳು.